ಮೂರನೇ ಮೇಜಿನ ಬಲಗೈ

ನಾನು ಬಿಟ್ಟ ಕೆಲಸಕ್ಕೆ ಈಗ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ. ಮೊನ್ನೆ ನ್ಯೂ ಲಿನ್‌ನ ನಮ್ಮ ಮನೆಗೆ ಬಂದಿದ್ದಳು. ಚಹಾ ಮುಗಿಯುವವರೆಗೆ ಅದೂ ಇದೂ ಮಾತಾಡಿ, ಕಪ್ಪು ಕೆಳಗಿಟ್ಟ ಮೇಲೆ ಕೇಳಿದಳು, ನಿಜವಾಗಿ ಅಲ್ಲಿ ದಿನವಿಡೀ ಮಾಡುವುದಾದರೂ ಏನು ಅಂತ. ಬಟ್ಟೆ ಒದ್ದೆ ಮಾಡುವುದು ಎಂದೆ. ಅವಳು ತಮಾಷೆ ಅಂದುಕೊಂಡು ನಕ್ಕಳು. ತಮಾಷೆಯಲ್ಲ. ಅವಳಿಗೆ ಹೇಳಿದ್ದಕ್ಕೆ, ಹೇಳುವಾಗ ಮರೆತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹುದ್ದೆಯ ಹೆಸರು ಅನಾಟಮಿ ಟೆಕ್ನಿಷಿಯನ್. ವೈದ್ಯಕೀಯ ವಿದ್ಯಾರ್ಥಿಗಳು ಮನುಷ್ಯದೇಹವನ್ನು ಬಿಡಿಸಿ ಕಲಿಯುವ ಕೋಣೆಯನ್ನು ನೋಡಿಕೊಳ್ಳುವ ಕೆಲಸ. ಅಲ್ಲಿಗೆ ಬರುವ ದೇಹಗಳೆಲ್ಲ ಜನ ಬದುಕಿದ್ದಾಗಲೇ ಒಪ್ಪಿಗೆ ಕೊಟ್ಟು ದಾನ ಮಾಡಿದವು. ಕೆಡದಂತೆ ಫಾರ್ಮಾಲಿನ್ ಔಷಧಿ ಏರಿಸಿ, ತಿಂಗಳುಗಟ್ಟಲೆ ತಣ್ಣಗಿಟ್ಟು, ಆಮೇಲೆ ಮೇಜಿಗೆ ತರುತ್ತಾರೆ. ಬಂದ ಮೇಲೆ ವರ್ಷವಿಡೀ ಅಲ್ಲೇ. ಅಷ್ಟು ಕಾಲವೂ ದೇಹ ಒಣಗಬಾರದು. ಒಣಗಿದರೆ ಚರ್ಮ ತೊಗಲಾಗುತ್ತದೆ, ನರ ಯಾವುದು ನಾರು ಯಾವುದು ಎಂದು ಹೇಳಲಾಗುವುದಿಲ್ಲ. ಕೋಣೆಯ ಗಾಳಿಯಂತ್ರಗಳು ಫಾರ್ಮಾಲಿನ್ ವಾಸನೆಯನ್ನು ಎಳೆಯುವ ರಭಸಕ್ಕೆ ತೇವವನ್ನೂ ಎಳೆದುಬಿಡುತ್ತವೆ. ಆದ್ದರಿಂದ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಮುಖ, ಕೈ, ಪಾದಗಳಿಗೆ ಬೇರೆ ಸುತ್ತು, ಕೈ ಪಾದಗಳ ಸುತ್ತಿನ ಮೇಲೊಂದು ಪ್ಲಾಸ್ಟಿಕ್ ಚೀಲ. ನಮ್ಮ ಧಾರವಾಡದ ಅವ್ವ ವೀಳ್ಯದೆಲೆ ಸುತ್ತಿಡುತ್ತಿದ್ದ ಹಾಗೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆ ಕೋಣೆಯಲ್ಲಿ ತಿನ್ನುವ ವಸ್ತುವಿನ ಹೋಲಿಕೆ ಕೊಡಬಾರದೆಂಬ ನಿಯಮವಿತ್ತು. ಯಾರೋ ಒಬ್ಬರು ಹಿಂದೆ ಕೊಟ್ಟ ಹೋಲಿಕೆಯಿಂದ ಒಂದು ಇಡೀ ತರಗತಿ ಟ್ಯೂನಾ ಮೀನಿನ ಸ್ಯಾಂಡ್‌ವಿಚ್ ಬಿಟ್ಟಿತ್ತಂತೆ.

ನಮ್ಮ ಕನ್ನಡದವರಲ್ಲಿ ನನ್ನ ಕೆಲಸ ಗೊತ್ತಾದ ವರ್ಷ ಯುಗಾದಿ ಊಟದಲ್ಲಿ ಒಬ್ಬ ಆಂಟಿ ನನ್ನ ತಟ್ಟೆಗೆ ಒಬ್ಬಟ್ಟನ್ನು ಒಂದು ಗೇಣು ಮೇಲಿನಿಂದ ಬಿಟ್ಟಿದ್ದರು. ಬೇಸರವಾಗಲಿಲ್ಲ, ನಗು ಬಂತು. ಮನೆಯಲ್ಲಿ ನಮ್ಮವರದು ಒಂದೇ ಷರತ್ತು: ಹಿತ್ತಲ ಬಾಗಿಲಿಂದ ಬಂದು, ಸ್ನಾನ ಮಾಡಿ, ಆಮೇಲೆ ಅಡುಗೆಮನೆ. ನಾನು ಸೇರಿದ ಮೊದಲ ದಿನ ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಹಿರಿಯರೊಬ್ಬರು ಬಂದು ದೇಹಗಳ ಎದುರು ನಿಂತು ಪ್ರಾರ್ಥನೆ ಹೇಳಿದರು. ಬಾಗಿಲ ಬಳಿ ಒಂದು ಬೋಗುಣಿಯಲ್ಲಿ ನೀರಿತ್ತು. ಹೊರಗೆ ಹೋಗುವವರೆಲ್ಲ ಅದನ್ನು ಕೈಯಲ್ಲಿ ತೆಗೆದುಕೊಂಡು ತಲೆಯ ಮೇಲೆ ಚಿಮುಕಿಸಿಕೊಳ್ಳಬೇಕು. ಅಲ್ಲಿನದು ಅಲ್ಲೇ ಉಳಿಯಲಿ ಎಂದು. ಮನೆಗೆ ಬಂದು ಹೇಳಿದಾಗ ನಮ್ಮವರಿಗೆ ಬಹಳ ಸಮಾಧಾನ. "ನೋಡಿದೇನು, ನಾ ಒಬ್ಬನ ಹುಚ್ಚ ಅಲ್ಲ," ಎಂದರು.

ಕೋಣೆಯ ಯಜಮಾನಿ ಡಾಕ್ಟರ್ ಮಾರ್ಗರೆಟ್. ಎತ್ತರದ, ಒಣಕಲು ಹೆಂಗಸು. ನಕ್ಕರೂ ಗೊತ್ತಾಗುತ್ತಿರಲಿಲ್ಲ. ಮೊದಲ ತರಗತಿಯಲ್ಲಿ ಹುಡುಗರೆಲ್ಲ ಚಾಕು ಹಿಡಿದು ತಯಾರಾಗಿರುತ್ತಿದ್ದರು. ಮಾರ್ಗರೆಟ್ ಹೇಳುತ್ತಿದ್ದ ಮೊದಲ ಮಾತೇ ಅದನ್ನು ಕೆಳಗಿಡಿ ಅಂತ. ಚರ್ಮ ತೆರೆಯುವುದಕ್ಕೆ ಮಾತ್ರ ಚಾಕು. ಆಮೇಲೆ ಬೆರಳು, ಚಿಮಟ, ಮೊಂಡು ಕತ್ತರಿ. ಕತ್ತರಿಯನ್ನೂ ಮುಚ್ಚಿ ಒಳಗೆ ತೂರಿಸಿ, ಒಳಗೆ ತೆರೆಯಬೇಕು. ಕತ್ತರಿಸುವುದಲ್ಲ, ಬಿಡಿಸುವುದು. ಪುಸ್ತಕದಲ್ಲಿ ಶುದ್ಧರಕ್ತದ ನಾಳ ಕೆಂಪು, ಇನ್ನೊಂದು ನೀಲಿ, ನರ ಹಳದಿ. ಇಲ್ಲಿ ಎಲ್ಲವೂ ಒಂದೇ ಬೂದುಗಂದು. ಕಣ್ಣು ಸೋಲುತ್ತದೆ, ಬೆರಳು ಗೆಲ್ಲುತ್ತದೆ. ಎರಡು ಬೆರಳ ನಡುವೆ ಹೊರಳಿಸಿ ನೋಡಿದರೆ ರಕ್ತನಾಳ ಟೊಳ್ಳು ಕೊಳವೆಯ ಹಾಗೆ ಚಪ್ಪಟೆಯಾಗುತ್ತದೆ, ನರ ಗಟ್ಟಿ ದಾರದ ಹಾಗೆ ಉರುಳುತ್ತದೆ. ಇದನ್ನು ನಾನೂ ಅಲ್ಲೇ ಕಲಿತೆ. ಬಿ.ಎಸ್ಸಿ.ಯಲ್ಲಿ ಕೊಯ್ದ ಕಪ್ಪೆ, ಜಿರಳೆಗಳ ಭರವಸೆಯ ಮೇಲೆ ಅರ್ಜಿ ಹಾಕಿದವಳು ನಾನು.

ಹುಡುಗರು ಪ್ರತಿ ವರ್ಷ ಒಂದು ದೂರು ತರುತ್ತಿದ್ದರು: ಈ ದೇಹ ತಪ್ಪಾಗಿದೆ. ಇಲ್ಲಿರಬೇಕಾದ ನಾಳ ಅಲ್ಲಿದೆ, ಎರಡಾಗಬೇಕಾದದ್ದು ಮೂರಾಗಿದೆ. ಪುಸ್ತಕ ಬರೆದವರು ಇವರನ್ನು ಭೇಟಿಯಾಗಿರಲಿಲ್ಲ ಎಂದು ಮಾರ್ಗರೆಟ್ ಹೇಳುತ್ತಿದ್ದರು. ಹೆಬ್ಬೆರಳನ್ನೂ ಕಿರುಬೆರಳನ್ನೂ ಮುಟ್ಟಿಸಿ ಮಣಿಕಟ್ಟನ್ನು ಸ್ವಲ್ಪ ಬಗ್ಗಿಸಿದರೆ ನಡುವೆ ಒಂದು ಹುರಿ ಎದ್ದು ನಿಲ್ಲುತ್ತದೆ. ಎಷ್ಟೋ ಜನರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೆ ನಷ್ಟವೂ ಇಲ್ಲ. ಅದನ್ನು ತಿಳಿದ ದಿನ ರೈಲಿನಲ್ಲಿ ಎದುರು ಕೂತವರ ಮಣಿಕಟ್ಟನ್ನೇ ನೋಡುತ್ತ ಬಂದೆ. ನನಗೆ ಎರಡೂ ಕೈಯಲ್ಲಿದೆ. ನಮ್ಮವರಿಗೆ ಒಂದೇ ಕೈಯಲ್ಲಿ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಗೊತ್ತಾದ ಹೊಸ ಸಂಗತಿ.

ಈಗ ದೊಡ್ಡ ಪರದೆಯ ಮೇಜು ಬಂದಿದೆ. ಬೆರಳು ಎಳೆದರೆ ಚರ್ಮ ಹೋಗುತ್ತದೆ, ಮತ್ತೆ ಎಳೆದರೆ ಸ್ನಾಯು ಹೋಗುತ್ತದೆ, ತಪ್ಪಿದರೆ ಮರಳಿ ಬರುತ್ತದೆ. ಅದನ್ನು ನಾನು ಬೈಯುವುದಿಲ್ಲ, ಮೊದಲು ದಾರಿ ನೋಡಿಕೊಳ್ಳಲು ಒಳ್ಳೆಯದು. ಆದರೆ ಅದಕ್ಕೆ ಬಟ್ಟೆ ಒದ್ದೆ ಮಾಡಬೇಕಾಗಿಲ್ಲ. ಆ ವ್ಯತ್ಯಾಸ ನನಗೆ ಸರಿಯಾಗಿ ತಿಳಿದದ್ದು ಮೂರನೇ ಮೇಜಿನ ಬಲಗೈಯಿಂದ.

ಆ ವರ್ಷ ಮೂರನೇ ಮೇಜಿನಲ್ಲಿ ಒಬ್ಬ ವೃದ್ಧರ ದೇಹವಿತ್ತು. ಹೆಸರು ನಮಗೆ ತಿಳಿಸುವುದಿಲ್ಲ. ಮೇಜಿಗೆ ನಾಲ್ಕು ವಿದ್ಯಾರ್ಥಿಗಳು, ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು. ಬಲಗಡೆ ಇದ್ದವರು ಟಾಮ್ ಮತ್ತು ಆಯೇಷಾ. ಟಾಮ್ ಹಸು ಸಾಕುವ ಮನೆಯ ಹುಡುಗ, ಮಾತು ಜಾಸ್ತಿ, ಕೈ ಚುರುಕು. ಆಯೇಷಾಳ ಮನೆಯವರು ದಾವಣಗೆರೆಯವರು, ತಂದೆಯದು ಹಿಲ್ಸ್‌ಬರೋ ಹತ್ತಿರ ಬಟ್ಟೆ ಅಂಗಡಿ. ಅವಳು ಶಾಲೆಯ ನಡುವಿನಲ್ಲಿ ಇಲ್ಲಿಗೆ ಬಂದವಳಾದ್ದರಿಂದ ಕನ್ನಡ ಚೆನ್ನಾಗಿ ಉಳಿದಿತ್ತು. ನನ್ನ ಹೆಸರು ಸುನಂದಾ ಎಂದು ಕೋಟಿನ ಮೇಲೆ ನೋಡಿದ ದಿನದಿಂದ ಆಂಟಿ ಎಂದಳು. ಒಮ್ಮೆ ಮಾರ್ಗರೆಟ್ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದ್ದರು: ಎಡಗೈಯಲ್ಲಿರುವ ಕತ್ತರಿಯನ್ನು ಪಕ್ಕದವರಿಗೆ ಕೊಡಲು ನೀವಿಬ್ಬರೂ ಯಾಕೆ ಬಲಗೈಗೆ ಬದಲಾಯಿಸಿಕೊಂಡು, ಮೈ ತಿರುಗಿಸಿ ಕೊಡುತ್ತೀರಿ? ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಎಡಗೈಯಲ್ಲಿ ಕೊಟ್ಟರೆ ಅಮ್ಮಿ ಕೈಗೇ ಹೊಡೆಯುತ್ತಿದ್ದರು ಎಂದಳು ಆಯೇಷಾ. ನಮ್ಮ ಅವ್ವನೂ ಅಷ್ಟೇ ಎಂದೆ. ಮಾರ್ಗರೆಟ್‌ಗೆ ಅದು ಬಹಳ ಹಿಡಿಸಿತು.

ಈಸ್ಟರ್ ರಜೆ ಬಂತು. ರಜೆಗೆ ಮುಂಚೆ ಪ್ರತಿ ಮೇಜಿನಲ್ಲೂ ಒಬ್ಬರು ಬಟ್ಟೆಗಳನ್ನು ನೆನೆಸಿ, ಭದ್ರವಾಗಿ ಸುತ್ತಿ ಹೋಗಬೇಕು. ಮೂರನೇ ಮೇಜಿನ ಸರದಿ ಆಯೇಷಾಳದು. ನಾನು ಲೋವರ್ ಹಟ್ ಎಂಬ ಊರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ನನ್ನ ಬದಲಿಗೆ ಬಂದವರು ಮೇಲಿನ ಹಾಳೆ ಬಿಗಿಯಾಗಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಎಲ್ಲ ಕಡೆ ಬಿಗಿಯಾಗಿಯೇ ಇತ್ತು.

ರಜೆ ಮುಗಿದು ಹಾಳೆ ತೆಗೆದಾಗ ಆ ಬಲಗೈ ಕಂದಿ, ಮರದ ತುಂಡಿನಂತೆ ಗಟ್ಟಿಯಾಗಿತ್ತು. ಬೆರಳುಗಳೆಲ್ಲ ಒಳಕ್ಕೆ ಮಡಚಿಕೊಂಡಿದ್ದವು. ಉಳಿದ ದೇಹ ಚೆನ್ನಾಗಿತ್ತು. ಟಾಮ್ ಗೋಡೆಯ ಮೇಲಿನ ಸರದಿಯ ಕಡೆಗೆ ನೋಡಿ, ಯಾರ ಪಾಳಿ ಎಂದು ಕೇಳಬೇಕಾಗಿಲ್ಲ ಬಿಡಿ ಎಂದ. ಮರೆತು ಸಿನಿಮಾಕ್ಕೆ ಹೋಗಿರಬೇಕು ಎಂದು ಎಡಗಡೆಯ ಹುಡುಗಿ ಹೇಳಿದಳು. ಆಯೇಷಾ ಚಿಮಟಗಳನ್ನು ಎತ್ತಿಕೊಂಡು ಸಿಂಕಿನ ಕಡೆಗೆ ಹೋದಳು. ಇನ್ನೆರಡು ವಾರದಲ್ಲಿ ಕೈಯ ಪಾಠ. ಅಷ್ಟರಲ್ಲಿ ಸರಿಹೋಗದಿದ್ದರೆ ಆ ಕೈಯನ್ನು ತೆರೆಯದೆಯೇ ಬಿಡಬೇಕಾಗುತ್ತದೆ, ನೀವು ಬೇರೆ ಮೇಜಿಗೆ ಹೋಗಿ ನೋಡಿ ಎಂದು ಮಾರ್ಗರೆಟ್ ಹೇಳಿದರು. ಗದರಲಿಲ್ಲ. ಆದರೆ ಒಬ್ಬ ಮನುಷ್ಯ ಕಲಿಯಲೆಂದು ಕೊಟ್ಟ ಕೈ ಯಾರ ಕಲಿಕೆಗೂ ಸಿಗದೆ ಸುಡಲು ಹೋಗುತ್ತದೆ ಎಂಬುದು ಆ ಕೋಣೆಯಲ್ಲಿ ಎಲ್ಲ ಗದರಿಕೆಗಿಂತ ದೊಡ್ಡದು.

ನನ್ನನ್ನು ಕಾಡಿದ್ದು ಬೇರೆ. ಮರೆತಿದ್ದರೆ ಎರಡೂ ಕೈ, ಎರಡೂ ಪಾದ ಒಣಗಬೇಕಿತ್ತು. ಒಂದೇ ಯಾಕೆ? ಬಿಚ್ಚಿಟ್ಟ ಸುತ್ತನ್ನು ತೆಗೆದು ನೋಡಿದೆ. ನಮ್ಮ ಕೋಣೆಯ ಬಟ್ಟೆಯೇ ಅಲ್ಲ. ನಮ್ಮದು ತೊಳೆದು ತೊಳೆದು ಹಳದಿಯಾದದ್ದು. ಇದು ಹೊಸ ಬಿಳಿ ಹತ್ತಿ, ಅಂಚು ನೀಟಾಗಿ ಮಡಚಿದ್ದು, ಗಂಜಿಯ ಬಿರುಸು ಇನ್ನೂ ಹೋಗಿರಲಿಲ್ಲ. ಪ್ಲಾಸ್ಟಿಕ್ ಚೀಲ ಇರಲೇ ಇಲ್ಲ. ಒಣ ಹತ್ತಿ ಎಷ್ಟು ನೀರು ಕುಡಿಯುತ್ತದೆಂದು ಮನೆಯಲ್ಲಿ ನೆಲ ಒರೆಸಿದವರಿಗೆ ಗೊತ್ತು. ಕೈಯಲ್ಲಿದ್ದ ತೇವವನ್ನೆಲ್ಲ ಈ ಬಟ್ಟೆಯೇ ಕುಡಿದಿತ್ತು.

ಆಯೇಷಾ ಸಿಂಕಿನ ಹತ್ತಿರ ತೊಳೆದ ಚಿಮಟಗಳನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು.

"ಇದು ನಿಮ್ಮ ಅಂಗಡಿ ಬಟ್ಟಿ ಹೌದಲ್ಲೇನವಾ?" ಎಂದೆ.

ಅವಳು ನಲ್ಲಿ ನಿಲ್ಲಿಸಿದಳು. "ಎಲ್ಲಾರೂ ಹೋದ್ಮೇಲೆ ಬದ್ಲಾಯಿಸ್ದೆ ಆಂಟಿ. ನಮ್ಮ ದಾದಿ, ಅಪ್ಪನ ಅಮ್ಮ, ತೀರ್ಕೊಂಡಾಗ ಸ್ನಾನ ಮಾಡ್ಸೋಕೆ ನಾನೂ ನಿಂತಿದ್ದೆ. ಒರೆಸಿ, ಒಣಗ್ಸಿ, ಹೊಸ ಬಿಳಿ ಬಟ್ಟೆ ಸುತ್ತಿದ್ವಿ. ಇವ್ರನ್ನ ಎರಡು ವಾರ ಆ ಕೊಳೆ ಹಸಿ ಬಟ್ಟೇಲಿ ಬಿಟ್ಟು ಹೋಗೋಕೆ ಮನ್ಸು ಬರ್ಲಿಲ್ಲ. ಪೂರ್ತಿ ಮಾಡೋಕೆ ಬಟ್ಟೆ ಸಾಲ್ಲಿಲ್ಲ. ನಾನು ಕಲಿಯೋ ಕೈಗಾದ್ರೂ ಅಂತ..."

"ಮಾರ್ಗರೆಟ್‌ಗ ಹೇಳಬೇಕಿಲ್ಲೋ?"

"ಏನಂತ ಹೇಳ್ಲಿ ಆಂಟಿ? ಮರ್ಯಾದೆ ಕೊಡೋಕೆ ಹೋಗಿ ಹಾಳು ಮಾಡ್ದೆ ಅಂತಾನಾ? ಮರ್ತೆ ಅಂದ್ಕೊಂಡ್ರೇ ವಾಸಿ."

ನಮ್ಮಲ್ಲೂ ಸತ್ತವರಿಗೆ ಹೊಸ ಬಟ್ಟೆಯೇ. ಇಬ್ಬರೂ ಹೋಗಿ ಹೇಳೋಣ ನಡಿ ಎಂದು ಕರೆದುಕೊಂಡು ಹೋದೆ.

ಮಾರ್ಗರೆಟ್ ಬೈಯುತ್ತಾರೆಂದು ಅವಳು ಗೋಡೆಗೆ ಅಂಟಿಕೊಂಡು ನಿಂತಳು. ಅವರು ಬಟ್ಟೆಯನ್ನು ಬಿಡಿಸಿ, ಮಡಿಕೆ ಹೇಗೆ ಹಾಕಿದೆ, ಮನೆಯಲ್ಲಿ ಇದನ್ನು ಯಾರು ಕಲಿಸುತ್ತಾರೆ, ಯಾವ ಬದಿ ಮೊದಲು ಬರಬೇಕು ಎಂದೆಲ್ಲ ಕೇಳುತ್ತ ಹೋದರು. ಅವಳು ಹೇಳುತ್ತ ಹೇಳುತ್ತ ಗೋಡೆ ಬಿಟ್ಟು ಮುಂದೆ ಬಂದಳು. ಕೊನೆಗೆ ಅವರು ಹೇಳಿದ್ದು ಇಷ್ಟೇ: ಈ ಕೋಣೆಯಲ್ಲಿ ಅವರನ್ನು ಒದ್ದೆಯಾಗಿ ಇಡುವುದೇ ಮರ್ಯಾದೆ. ಅವರು ಕೇಳಿಕೊಂಡದ್ದು ಅದನ್ನೇ. ಆಮೇಲೆ ನನ್ನ ಕಡೆ ತಿರುಗಿ, ಹೋಗುವಾಗ ಸೂಪರ್‌ಮಾರ್ಕೆಟ್‌ನಿಂದ ಫ್ಯಾಬ್ರಿಕ್ ಸಾಫ್ಟನರ್ ತರಲು ಹೇಳಿದರು. ಬಟ್ಟೆ ಒಗೆದ ಮೇಲೆ ಮೆತ್ತಗಾಗಲು ಹಾಕುತ್ತೇವಲ್ಲ, ಅದೇ. ಒಣಗಿದ ದೇಹಭಾಗವನ್ನು ಅದನ್ನು ಬೆರೆಸಿದ ನೀರಲ್ಲಿ ನೆನೆಹಾಕಿದರೆ ಎಷ್ಟೋ ಸಲ ಮರಳಿ ಮೆದುವಾಗುತ್ತದೆಯಂತೆ. ನಾನು ನಂಬಲಿಲ್ಲ. ಕುತೂಹಲಕ್ಕೆ ಆ ಸಂಜೆಯೇ ಹೋದೆ. ವಾಸನೆ ಇಲ್ಲದ್ದು ಮುಗಿದಿತ್ತು, ಲ್ಯಾವೆಂಡರ್ ಮಾತ್ರ ಸಿಕ್ಕಿತು.

ನೆನೆಸಿದ ಬಟ್ಟೆಯನ್ನು ಕೈಗೆ ದಪ್ಪಗೆ ಸುತ್ತಿ, ಚೀಲ ಕಟ್ಟಿ, ದಿನವೂ ಬದಲಾಯಿಸುವುದು. ಆಯೇಷಾ ತರಗತಿಗೆ ಮೊದಲು ಬಂದು ಮಾಡುತ್ತಿದ್ದಳು. ಮೂರನೇ ಮೇಜಿನ ಸುತ್ತ ಲ್ಯಾವೆಂಡರ್ ಗಮಗಮ. ಇವರು ನಮ್ಮ ಫ್ಲ್ಯಾಟ್‌ಮೇಟ್‌ಗಿಂತ ಎಷ್ಟೋ ವಾಸಿ ಎಂದು ಟಾಮ್ ಹೇಳಿದಾಗ ಅವಳೂ ನಕ್ಕಳು. ಬಟ್ಟೆಯ ಕಥೆ ಅವನಿಗೆ ಅವಳೇ ಹೇಳಿದ್ದಳು. ಅವನು ಕ್ಷಮೆ ಗಿಮೆ ಕೇಳಲಿಲ್ಲ. ಮರುದಿನದಿಂದ ಅವಳಿಗಿಂತ ಮೊದಲೇ ಬಂದು ನೀರು ಬೆರೆಸಿಟ್ಟಿರುತ್ತಿದ್ದ.

ಮೊದಲು ಹೆಬ್ಬೆರಳು ಮೆತ್ತಗಾಯಿತು. ನಂಬಲಾಗದೆ ನಾನು ಎರಡು ಸಲ ಆಡಿಸಿ ನೋಡಿದೆ. ಆಮೇಲೆ ತೋರುಬೆರಳು, ನಡುಬೆರಳು ಬಿಚ್ಚಿಕೊಂಡವು. ಚರ್ಮಕ್ಕೆ ಬಣ್ಣ ಬಂತು. ಆದರೆ ಉಂಗುರದ ಬೆರಳು, ಕಿರುಬೆರಳು ಅಂಗೈಗೆ ಮಡಚಿಕೊಂಡೇ ಇದ್ದವು. ನೀರು ಜಾಸ್ತಿ ಮಾಡಿದೆವು, ದಿನಕ್ಕೆರಡು ಸಲ ಬದಲಾಯಿಸಿದೆವು. ಆಯೇಷಾ ಆ ಎರಡು ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದಳು. ಜಗ್ಗಬೇಡ, ಹರಿಯುತ್ತದೆ ಎಂದು ನಾನು ಎಚ್ಚರಿಸುತ್ತಿದ್ದೆ. ಒಣಗಿ ಸೆಟೆದದ್ದು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಈ ಎರಡು ಹೋದವು ಎಂದೇ ಲೆಕ್ಕ ಹಾಕಿದ್ದೆ. ಅವಳೂ ಹಾಗೇ ಅಂದುಕೊಂಡು, ಬೇರೆ ಮೇಜಿಗೆ ಹೋಗುತ್ತೇವೆ, ಇವರನ್ನು ಇನ್ನು ಕಷ್ಟಪಡಿಸುವುದು ಬೇಡ ಎಂದು ಮಾರ್ಗರೆಟ್‌ಗೆ ಹೇಳಿದಳು.

ಅವರು ಬಂದು, ಕೈಗವಸು ಹಾಕಿಕೊಂಡು, ಬೆರಳುಗಳನ್ನು ಬಿಟ್ಟು ಅಂಗೈಯನ್ನು ಒತ್ತಿ ನೋಡಿದರು. ಹೆಬ್ಬೆರಳಿನಿಂದ ಒಂದೇ ಜಾಗವನ್ನು ಹಿಂದೆ ಮುಂದೆ ಸವರಿದರು. ಚಾಕುವನ್ನು ಆಯೇಷಾಳ ಕೈಗೆ ಕೊಟ್ಟು, ತೆರೆ, ಚರ್ಮ ಮಾತ್ರ ಎಂದರು.

ಅಂಗೈಯ ಚರ್ಮ ಬಿಡಿಸುವುದು ಬಹಳ ನಿಧಾನದ ಕೆಲಸ. ಅಡಿಯಲ್ಲಿರುವ ಪೊರೆಗೆ ಅದು ಗಟ್ಟಿಯಾಗಿ ಅಂಟಿರುತ್ತದೆ. ಪೊರೆ ಸಾಮಾನ್ಯವಾಗಿ ಬೀಸಣಿಗೆಯ ಹಾಗೆ ಬೆರಳುಗಳ ಕಡೆಗೆ ತೆಳ್ಳಗೆ ಹರಡಿಕೊಂಡಿರುತ್ತದೆ. ಅವಳು ಅರ್ಧ ಬಿಡಿಸಿದಾಗ ನಮ್ಮೆಲ್ಲರಿಗೂ ಕಂಡಿತು. ಉಂಗುರದ ಬೆರಳಿನ ಕಡೆ ಪೊರೆ ತೆಳ್ಳಗಿರಲಿಲ್ಲ. ಬಿಳಿ, ಹೊಳೆಯುವ ದಪ್ಪ ಹುರಿಯಾಗಿ ಗಂಟು ಗಂಟಾಗಿ ಬೆರಳಿನ ಬುಡದವರೆಗೆ ಹೋಗಿತ್ತು. ಪಕ್ಕದಲ್ಲಿ ಕಿರುಬೆರಳಿಗೆ ಇನ್ನೊಂದು.

"ಈ ಬೆರಳುಗಳು ಬಾಗಿದ್ದು ಈಸ್ಟರ್‌ನಲ್ಲಲ್ಲ," ಎಂದರು ಮಾರ್ಗರೆಟ್. "ಪ್ರಾಯಶಃ ನೀನು ಹುಟ್ಟುವ ಮೊದಲೇ."

ಅದೊಂದು ಕಾಯಿಲೆ. ನೋವಿಲ್ಲ, ಆತುರವಿಲ್ಲ. ವರ್ಷಗಳುದ್ದಕ್ಕೂ ಅಂಗೈಯ ಪೊರೆ ದಪ್ಪಗಾಗುತ್ತ ಬೆರಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇಲ್ಲಿನ ಬಿಳಿಯ ಮುದುಕರಲ್ಲಿ ಸಾಕಷ್ಟು ಕಾಣುವಂಥದು. ದೇಹ ಬಂದಾಗಲೇ ಕೈ ಸುತ್ತಿದ್ದು, ನಾವು ಸುತ್ತಿನ ಮೇಲೆಯೇ ನೆನೆಸುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲರೂ ಹೋದ ಮೇಲೆ ಅವಸರದಲ್ಲಿ ಬಟ್ಟೆ ಬದಲಾಯಿಸಿದ ಆಯೇಷಾಳೂ ಬೆರಳುಗಳನ್ನು ಗಮನಿಸಿರಲಿಲ್ಲ. ಇದ್ದ ಹಾಗೇ ಇದ್ದ ಬೆರಳನ್ನು ನೆಟ್ಟಗೆ ಮಾಡಲು ನಾವು ಅಷ್ಟು ದಿನ ಒದ್ದಾಡಿದ್ದೆವು.

ಆಯೇಷಾ ಚಾಕು ಕೆಳಗಿಟ್ಟು, ಮುಖವನ್ನು ತೋಳಿಗೆ ಒತ್ತಿಕೊಂಡಳು. ಮತ್ತೆ ಕತ್ತರಿ ತೆಗೆದುಕೊಂಡು ಬಾಗಿದಳು. ಆ ಮಧ್ಯಾಹ್ನ ಉಳಿದ ಮೇಜುಗಳವರೆಲ್ಲ ಸಾಲಾಗಿ ಬಂದು ಆ ಕೈಯನ್ನು ನೋಡಿ ಹೋದರು. ಹುರಿಯ ಸುತ್ತ ನರ ಹೇಗೆ ಸುತ್ತಿಕೊಂಡಿದೆ ಎಂದು ಪ್ರತಿಯೊಬ್ಬರಿಗೂ ತೋರಿಸಿದವಳು ಅವಳೇ.

ಮರುದಿನ ಮೂರನೇ ಮೇಜಿನ ನಾಲ್ವರೂ ಬಲಗೈಯ ಎರಡು ಬೆರಳನ್ನು ಅಂಗೈಗೆ ಟೇಪು ಹಾಕಿ ಅಂಟಿಸಿಕೊಂಡು ಬಂದರು. ಯಾರ ಆಲೋಚನೆಯೋ ಗೊತ್ತಿಲ್ಲ. ಆ ಮನುಷ್ಯ ದಿನ ಹೇಗೆ ಕಳೆಯುತ್ತಿದ್ದ ಎಂದು ನೋಡಬೇಕಿತ್ತಂತೆ. ಬರೆಯಬಹುದು, ಚಮಚ ಹಿಡಿಯಬಹುದು. ಕೈಗವಸು ಮಾತ್ರ ಆಗುವುದಿಲ್ಲ. ಜೇಬಿಗೆ ಕೈ ಹೋಗುವುದಿಲ್ಲ. ಮುಖ ತೊಳೆಯುವಾಗ ಬೆರಳು ಕಣ್ಣಿಗೆ ಚುಚ್ಚುತ್ತದೆ. ಟಾಮ್ ನನ್ನ ಕೈ ಕುಲುಕಲು ಬಂದ. ಆ ಎರಡು ಬೆರಳು ನನ್ನ ಅಂಗೈಗೆ ಗೂಟದ ಹಾಗೆ ತಾಗಿದವು. ಇವರು ಜನರ ಕೈ ಹೇಗೆ ಕುಲುಕುತ್ತಿದ್ದರೋ ಆಂಟಿ, ಎಂದಳು ಆಯೇಷಾ.

ವರ್ಷದ ಕೊನೆಗೆ ಒಂದು ಕೃತಜ್ಞತೆಯ ಸಭೆ ಇರುತ್ತದೆ. ದಾನ ಮಾಡಿದವರ ಮನೆಯವರು ಬರುತ್ತಾರೆ, ವಿದ್ಯಾರ್ಥಿಗಳು ನಾಲ್ಕು ಮಾತು ಹೇಳುತ್ತಾರೆ, ಹಾಡು, ಮೌನ, ಆಮೇಲೆ ಚಹಾ ಮತ್ತು ಸ್ಕೋನ್ ಎಂಬ ಮೆತ್ತನೆಯ ಬನ್ನು. ಯಾವ ಮನೆಯವರು ಯಾವ ಮೇಜಿನವರು ಎಂದು ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ. ಅದು ಅಲ್ಲಿನ ಕಟ್ಟುನಿಟ್ಟು, ಹೊಸಬರು ಇದನ್ನು ಮರೆಯಬಾರದು.

ಚಹಾದ ಹೊತ್ತಿನಲ್ಲಿ ಒಬ್ಬ ಗಿಡ್ಡ ಅಜ್ಜಿ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೂ ಕೈ ಕೊಡುತ್ತ ಬಂದರು. ಎಡಗೈ ಕೊಡುತ್ತಿದ್ದರು. ಟಾಮ್ ಬಲಗೈ ಚಾಚಿದ, ಎರಡೂ ತೊಡಕಿಕೊಂಡವು, ನಗುವಾಯಿತು. ತಪ್ಪು ತಿಳಿಯಬೇಡಿ, ನನ್ನ ಗಂಡನಿಗೆ ಬಲಗೈ ಕೊಡಲು ನಾಚಿಕೆ, ಬೆರಳು ಮಡಚಿಕೊಂಡಿತ್ತು, ಅವನಿಗೆ ಒಬ್ಬನಿಗೇ ಬೇಸರವಾಗದಿರಲಿ ಎಂದು ನಾನೂ ಎಡಗೈ ಕೊಡುತ್ತಾ ಬಂದೆ, ಈಗ ಅದೇ ಅಭ್ಯಾಸ ಎಂದರು. ಟಾಮ್‌ನ ನಗು ನಿಂತಿತು. ಅವನು ಆಯೇಷಾಳ ಕಡೆ ನೋಡಿದ. ನಾನೂ ನೋಡಿದೆ.

ಅವರೇ ಎಂದು ನಾನು ಹೇಳಲಾರೆ. ಅಂಥ ಕೈ ಇಲ್ಲಿ ಎಷ್ಟೋ ಜನರಿಗಿದೆ.

ಅಜ್ಜಿ ಆಯೇಷಾಳ ಎದುರು ಬಂದು ನಿಂತರು. ಅವಳ ಎಡಗೈಯಲ್ಲಿ ಸ್ಕೋನಿನ ತಟ್ಟೆ ಇತ್ತು, ಬಲಗೈ ಖಾಲಿ. ಅವಳು ತಟ್ಟೆಯನ್ನು ಬಲಗೈಗೆ ಬದಲಾಯಿಸಿಕೊಂಡು, ಎಡಗೈಯನ್ನು ಸಲ್ವಾರಿಗೆ ಒಮ್ಮೆ ಒರೆಸಿ, ಚಾಚಿದಳು.